ಕೂದಲೆಳೆಯಷ್ಟು

ಆಟೋ ಕಾಂಪ್ಲೆಕ್ಸು, ತಗಡಿನ ಮಾಡು, ಏಪ್ರಿಲ್.
ಹನ್ನೊಂದು ಗಂಟೆಗೇ ಸ್ಪ್ಯಾನರ್ ಮುಟ್ಟಿದರೆ ಚುರ್ ಅನ್ನುವ ಬಿಸಿಲು.
ಹಳೇ ಮಾರುತಿ ಸಾವಿರ ಬಂದು ನಿಂತಿತು,
ಬಣ್ಣ ಒಂದು ಕಾಲಕ್ಕೆ ನೀಲಿ.
ಇಳಿದವರು ದೊಡ್ಡಾಸ್ಪತ್ರೆಯಿಂದ ನಿವೃತ್ತರಾದ ನರ್ಸ್ ವಿಮಲಾಕ್ಷಿ:
“ಗ್ಯಾಸ್ ಖಾಲಿ, ಇನಾಯತ್. ತುಂಬಿ ಕೊಡು, ಹೋಗ್ತೀನಿ.”

ಎಲ್ಲರೂ ಹೀಗೇ ಅನ್ನುತ್ತಾರೆ,
ಹಂಡೆಗೆ ನೀರು ಹೊಯ್ದ ಹಾಗೆ.

ಸಿಸ್ಟರ್, ಅಂದೆ, ಇದು ಹನ್ನೆರಡು ನಂಬರಿನ ಗ್ಯಾಸಿನ ಗಾಡಿ.
ಅದು ಈಗ ಸಿಗೋಲ್ಲ. ಈಗಿನದು ನೂರಾ ಮೂವತ್ತನಾಲ್ಕು.
ಸುಮ್ಮನೆ ತುಂಬಿದರೆ
ಹೊಸ ಗ್ಯಾಸು ಹಳೇ ಎಣ್ಣೆಯನ್ನು ಜೊತೆಗೆ ಕರೆದೊಯ್ಯೋಲ್ಲ;
ಎಣ್ಣೆ ಯಾವುದೋ ತಿರುವಿನಲ್ಲಿ ಕೂತುಬಿಡುತ್ತೆ,
ಕಂಪ್ರೆಸರ್ ಒಣಗಿ, ಕಿರುಚಿ, ಸಾಯುತ್ತೆ.

ಆಕೆ ಕನ್ನಡಕ ಒರೆಸಿಕೊಂಡರು.
“ರಕ್ತದ ಗ್ರೂಪು ಅನ್ನು.”
ಇಪ್ಪತ್ತು ವರ್ಷ ಗಿರಾಕಿಗಳಿಗೆ ಬಿಡಿಸಿ ಹೇಳಿದ್ದು
ಮೂರು ಮಾತಿಗೆ ಮುಗಿಯಿತು.

ಉಳಿದಿದ್ದ ಹನ್ನೆರಡನ್ನು ಸಿಲಿಂಡರಿಗೆ ಎಳೆದುಕೊಂಡೆ.
ನನ್ನ ಉಸ್ತಾದ್ ಹೀಗೆ ಮಾಡುತ್ತಿರಲಿಲ್ಲ.
ನಟ್ಟು ಸಡಿಲಿಸಿ, ಮುಖ ಆಚೆ ತಿರುಗಿಸಿ,
ಫುಸ್—
ತುಂಗೆಯ ಮೇಲಿನ ಆಕಾಶಕ್ಕೆ ಬಿಟ್ಟೆವು,
ಎಷ್ಟು ಗಾಡಿ, ಎಷ್ಟು ಬೇಸಿಗೆ.
ಬಣ್ಣವಿಲ್ಲ, ವಾಸನೆಯಿಲ್ಲ,
ಬೆರಳ ತುದಿಗೆ ಒಂದು ಗಳಿಗೆ ಹಿಮ ಕಚ್ಚುತ್ತಿತ್ತು.
ಹದಿನಾರು ವಯಸ್ಸು. ನನಗದು ಆಟ.
ಮೇಲೆ ಹೋಗಿ ಅದು ಏನನ್ನು ತಿನ್ನುತ್ತದೆ ಅಂತ
ಹೇಳಿದವರೂ ಇಲ್ಲ, ನಾವು ಕೇಳಿದ್ದೂ ಇಲ್ಲ.

ಪೈಪು ತೊಳೆದೆ. ಕಾಕಂಬಿ ಬಣ್ಣದ ಎಣ್ಣೆ ಇಳಿಯಿತು.
ಡ್ರೈಯರ್ ಬದಲಿಸಿದೆ, ಒಗ್ಗುವ ಎಣ್ಣೆ ಹಾಕಿದೆ,
ಕಪ್ಪು ರಿಂಗು ಕಿತ್ತು ಹಸಿರು ರಿಂಗು ತೊಡಿಸಿದೆ,
ಗೊಂಬೆಯ ಬಳೆಯಷ್ಟು ಸಣ್ಣವು.
ಹಳೇ ಬಾಯಿಗೆ ಹೊಸ ಬಾಯಿ ತಿರುಪಿದೆ,
ಇನ್ಯಾರೂ ಮರೆತೂ ಹನ್ನೆರಡು ಹಾಕದ ಹಾಗೆ.

ಆಮೇಲೆ ವ್ಯಾಕ್ಯೂಮ್. ಒಳಗಿನ ಗಾಳಿ, ತೇವ, ಎಲ್ಲ ಹೊರಕ್ಕೆ.
ಮುಕ್ಕಾಲು ಗಂಟೆಗೆ ಪಂಪು ನಿಲ್ಲಿಸಿ ಮುಳ್ಳು ನೋಡಬೇಕು,
ಕದಲದಿದ್ದರೆ ಸೋರಿಕೆಯಿಲ್ಲ.
ಐದು ನಿಮಿಷ ನೋಡಿದೆ. ಸರಿಯಿತ್ತು. ಚಹಾಕ್ಕೆ ಹೋದೆ.
ಆಕೆ ಸ್ಟೂಲು ಎಳೆದುಕೊಂಡು ಕೂತರು,
ರಾತ್ರಿ ಪಾಳಿಯಲ್ಲಿ ಕೂತ ಹಾಗೆ:
ಬೆನ್ನು ನೆಟ್ಟಗೆ, ಸೆರಗು ಸೊಂಟಕ್ಕೆ, ಕಣ್ಣು ಒಂದೇ ಕಡೆ.

ಬಂದೊಡನೆ ಅಂದರು: “ಕದಲಿದೆ.”
ಎಲ್ಲಿ?
“ಕೂದಲೆಳೆಯಷ್ಟು. ಗೆರೆಯ ಮೇಲಿತ್ತು, ಈಗ ಪಕ್ಕದಲ್ಲಿದೆ.”
ಗಾಜು ತಟ್ಟಿದೆ. ಬಿಸಿಲಿಗೆ ಹಾಗಾಗುತ್ತೆ ಅಂದೆ.
ಆಕೆ ಸುಮ್ಮನೆ ನನ್ನನ್ನೇ ನೋಡಿದರು.
ಎಷ್ಟು ಜನ ಡಾಕ್ಟರನ್ನು ಹೀಗೆ ನೋಡಿದ್ದರೋ.

ಬದಲಿಸಿದ್ದು ಹನ್ನೊಂದು ರಿಂಗು. ಇದ್ದದ್ದು ಹನ್ನೆರಡು.
ಒಂದು ಡ್ಯಾಶ್‌ಬೋರ್ಡಿನ ಹಿಂದೆ, ಕೈ ಹೋಗದ ಕಡೆ;
ಇನ್ನೂ ಗಟ್ಟಿಯಿದೆ ಅಂತ ನನಗೆ ನಾನೇ ಹೇಳಿಕೊಂಡು
ಬಿಟ್ಟಿದ್ದೆ.
ಹೇಳಿದೆ. ಬೈಯಲಿಲ್ಲ.
ಎರಡು ಗಂಟೆ ಟಾರ್ಚು ಹಿಡಿದರು, ಬೆಳಕು ಅಲುಗಲಿಲ್ಲ.
ಮೊಣಕೈ ತರಚಿತು. ಹೊರಬಂದ ರಿಂಗು
ಹುರಿಗಡಲೆಯ ಸಿಪ್ಪೆಯ ಹಾಗೆ ಬೆರಳಲ್ಲೇ ಪುಡಿಯಾಯಿತು.

ಮತ್ತೆ ಪಂಪು. ಈ ಸಲ ಇಬ್ಬರೂ ಕೂತೆವು,
ಚಹಾ ಅಲ್ಲಿಗೇ ಬಂತು.
ಮುಳ್ಳು ಕದಲಲಿಲ್ಲ.

ಗ್ಯಾಸು ತೂಗಿ ಹಾಕಿದೆ, ಹಳೆಯದಕ್ಕಿಂತ ಕಡಿಮೆ;
ಇದಕ್ಕೆ ಹೊಟ್ಟೆ ತುಂಬಾ ಬಡಿಸಬಾರದು.
ಓಡುವಾಗ ಒಂಬತ್ತು ಡಿಗ್ರಿ.
ರೈಲ್ವೆ ಗೇಟು ಬಿದ್ದಿತ್ತು. ನಿಂತಲ್ಲೇ ಹನ್ನೆರಡು, ಹದಿನಾಲ್ಕು.
ತಾಳಗುಪ್ಪದ ರೈಲು ನಿಧಾನಕ್ಕೆ ದಾಟಿತು.
ಮೊದಲಿನ ಹಾಗೆ ಕೊರೆಯೋಲ್ಲ ಸಿಸ್ಟರ್, ಅಂದೆ,
ಅವರು ಕೇಳುವ ಮುಂಚೆಯೇ.
“ಕೊರೆಯೋದು ಯಾರಿಗೆ ಬೇಕಿತ್ತು?”

ಬಾನೆಟ್ಟಿನೊಳಗೆ ಚೀಟಿ ಅಂಟಿಸಬೇಕು:
ಯಾವ ಗ್ಯಾಸು, ಎಷ್ಟು ಗ್ರಾಂ, ಯಾವ ಎಣ್ಣೆ, ತಾರೀಖು.
ಬರೆದೆ.
ಆಕೆ ಪೆನ್ನು ಇಸಿದುಕೊಂಡು ಕೆಳಗೆ ಸೇರಿಸಿದರು,
ಸಂಜೆ ಐದು ಹತ್ತು.
ಸಮಯ ಯಾಕೆ ಅಂದೆ.
“ಮುಂದಿನ ಪಾಳಿಯವರಿಗೆ ಗೊತ್ತಾಗಬೇಡವೆ?”