ಮೂವತ್ತನೆಯ ಕಿಲೋಮೀಟರು

ಕಪ್ತಗತ್ತಿನ ಕೆಂಪು ದಾರಿಯಲ್ಲಿ
ಇನ್ನೂ ಕತ್ತಲಿರುವಾಗಲೇ ಓಡುತ್ತಾರೆ.
ಕಾಲಿನ ಸದ್ದು ಎಲ್ಲರದೂ ಒಂದೇ.
ಒಳಗಿಂದ ಅಟ್ಟುವುದು ಬೇರೆ.

ನನ್ನ ತಮ್ಮ ಕಿಮೈಯೊ ಗೆಲ್ಲಲು ಓಡುವವನಲ್ಲ.
ಪರದೇಶದ ಊರುಗಳಲ್ಲಿ, ಗೆಲ್ಲುವವರ ಮುಂದೆ,
ಗಾಳಿಗೆ ಎದೆಕೊಟ್ಟು ಮೂವತ್ತು ಕಿಲೋಮೀಟರು,
ಒಂದೊಂದಕ್ಕೂ ಮೂರೇ ನಿಮಿಷ.
ಆಮೇಲೆ ಪಕ್ಕಕ್ಕೆ ಸರಿದು, ಕಟಕಟೆಯಾಚೆ ನಿಂತು
ಬಾಳೆಹಣ್ಣು ಸುಲಿಯುತ್ತಾನೆ.

"ನಿನಗೆ ಆಸೆಯೇ ಇಲ್ಲವೇನೋ?"
ಎಂದೆ ಒಮ್ಮೆ, ಸಿಟ್ಟು ಬಂದು.
ಸೋರೆಬುರುಡೆಯಿಂದ ಹಾಲು ಬಗ್ಗಿಸುತ್ತಿದ್ದ,
ಇದ್ದಿಲ ಪುಡಿ ಬೆರೆತ ಬೂದುಬಣ್ಣದ ಹುಳಿಹಾಲು,
ಲೋಟದ ಅಂಚಿಗೆ ಸರಿಯಾಗಿ. ಒಂದು ಹನಿ ಹೆಚ್ಚಿಲ್ಲ.
"ಇದೇ," ಎಂದ, "ಇದೇ ಆಸೆ."

ಏಳು ವರ್ಷದವನಿದ್ದಾಗಲೂ ಹಾಗೇ.
ಆಡುಗಳನ್ನು ಎಣಿಸಿ, ಲೆಕ್ಕ ಸರಿಯಿದ್ದರೂ ಮತ್ತೆ ಎಣಿಸುವನು,
ಎಣಿಸುವುದು ಹಿತವೆಂದು.

ನಾನೋ,
ಓಡಿದ್ದು ಅಪ್ಪನ ಒಂದು ಮಾತಿನ ಮೇಲೆ.
"ನಿನ್ನ ಕಾಲಿರುವುದು ನೀರು ಹೊರಲಿಕ್ಕೆ."
ಅದನ್ನು ಶೂವಿನೊಳಗೆ ಹರಳಿನಂತೆ ಇಟ್ಟುಕೊಂಡು
ಎಲ್ಡೊರೆಟ್ಟಿನಲ್ಲಿ ಗೆದ್ದೆ, ನಕುರುವಿನಲ್ಲಿ ಗೆದ್ದೆ,
ಗಡಿ ದಾಟಿ ಕಂಪಾಲದಲ್ಲೂ.
ಒಂದು ಸಂಜೆ ಅಪ್ಪ, ಹಲ್ಲಿಲ್ಲದ ಬಾಯಲ್ಲಿ,
"ಅವತ್ತು ನಾನಂದದ್ದು ತಪ್ಪು, ಜೆಬಿವೊಟ್" ಎಂದುಬಿಟ್ಟ.
ಮರುದಿನವೂ ನಾಲ್ಕೂವರೆಗೆ ಎಚ್ಚರಾಯಿತು.
ಶೂ ಎತ್ತಿ ಕೊಡವಿದೆ.
ಹರಳಿರಲಿಲ್ಲ.
ಎಲ್ಲಿಗೆ ಓಡಲಿ?

ಈಗ ತಿರುವಿನಲ್ಲಿ ಚಹದಂಗಡಿ ನನ್ನದು.
ಹುಡುಗರು ಇದ್ದಿಲಲ್ಲಿ ಗೋಡೆಗೆ ಬರೆದು ಹೋಗುತ್ತಾರೆ:
ಎರಡು ಗಂಟೆ ಆರು ನಿಮಿಷ.
ತಂಗಿಯ ಫೀಸು. ಹಸು ನಾಲ್ಕು. ಟ್ರ್ಯಾಕ್ಟರು.
ಮೂಲೆಯಲ್ಲಿ ಒಬ್ಬ, ಸಣ್ಣಕ್ಷರದಲ್ಲಿ, ಜೆಲಗತ್ ನೋಡಲಿ ಎಂದು.
ನಾನು ಅಳಿಸುವುದಿಲ್ಲ.
ಒಲೆಯ ಹೊಗೆಗೆ ಆ ಕೆಲಸ ಬಿಟ್ಟಿದ್ದೇನೆ.

ಹೋದ ತಿಂಗಳು ಎಲ್ಲೋ ಮಳೆ, ಎಲ್ಲೋ ಒಂದು ಸೇತುವೆ,
ಅಂಗಡಿಯ ಟೀವಿಯಲ್ಲಿ ಕಿಮೈಯೊ.
ಹಿಂದೆ ಯಾರೂ ಇಲ್ಲ. ಇನ್ನೂರು ಮೀಟರು ಬರಿದು.
"ಓಡು! ಓಡು!" ಬೆಂಚು ಹತ್ತಿ ಕೂಗಿದರು,
ಅವನು ಗೆದ್ದರೆ ತಮಗೂ ಹಸು ಬರುವಂತೆ.
ಮೂವತ್ತರ ಹಲಗೆ ಬಂತು.
ಒಮ್ಮೆ ಹಿಂದೆ ನೋಡಿದ, ಒಮ್ಮೆ ಕೈಗಡಿಯಾರ,
ಪಕ್ಕಕ್ಕೆ ಸರಿದ.

ಹುಡುಗರು ಬೈಯುತ್ತ ಎದ್ದುಹೋದರು, ದುಡ್ಡೂ ಕೊಡದೆ.
ಖಾಲಿ ಅಂಗಡಿಯಲ್ಲಿ ನಾನು
ಕೆಟಲು ಬಗ್ಗಿಸಿದೆ, ಉಸಿರು ಹಿಡಿದು,
ಅಂಚಿನವರೆಗೆ.
ತುಳುಕಿತು.

ಇನ್ನೊಂದು ಲೋಟ ಎಳೆದುಕೊಂಡೆ.