ಇಂಚಿಗೆ ಎಷ್ಟೆಳಿ

ಗುಳೇದಗುಡ್ಡದ ನನ್ನ ಗಡಿಯಾರದಂಗಡಿಗೆ
ಗೋಣಿಚೀಲದಲ್ಲಿ ಬಂದವು ಎರಡು ಫೋನೋಗ್ರಾಫು,
ಹಳೇ ಬಾಗಲಕೋಟೆಯನ್ನು ಹಿನ್ನೀರಿಗೆ ಬಿಟ್ಟು ಮೇಲೆ ಬಂದ
ಹತ್ತಿ ಅಡತಿಯವರ ಅಟ್ಟದ ಮಾಲು.
ಜತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಉರುಳೆ.
ತಟ್ಟೆಯಲ್ಲ, ಉರುಳೆ. ಮೇಣದವು,
ಗೇಣಿಗಿಂತ ಗಿಡ್ಡ, ಒಳಗೆ ಟೊಳ್ಳು.
ಒಂದರ ಮುಚ್ಚಳ ಇನ್ನೊಂದಕ್ಕೆ.
ಹೆಸರಿನ ಚೀಟಿಗಳನ್ನೆಲ್ಲ ನುಸಿ ಓದಿ ಮುಗಿಸಿತ್ತು.

ಒಂದು ಯಂತ್ರಕ್ಕೆ ಗೊತ್ತಿರುವುದು ಎರಡೇ ನಿಮಿಷ.
ಅದರ ಹರಳಿನ ಮುಳ್ಳು ದಪ್ಪ.
ಇನ್ನೊಂದರ ಪಕ್ಕದಲ್ಲಿ ಒಂದು ಗುಬಟಿ:
ಒತ್ತಿದರೆ ಎರಡು ನಿಮಿಷ, ಎಳೆದರೆ ನಾಲ್ಕು,
ಎಳೆದಾಗ ಮುಳ್ಳನ್ನೂ ಬದಲಿಸಬೇಕು.

ಇಷ್ಟು ತಿಳಿಯುವ ಮೊದಲು
ಒಂದನ್ನು ನಾನು ಕೊಂದಿದ್ದೆ.
ಕಪ್ಪು, ಹೊಳಪಿನದು.
ತಪ್ಪು ಯಂತ್ರಕ್ಕೇರಿಸಿ ಕೀಲಿ ಕೊಟ್ಟೆ.
ದಪ್ಪ ಮುಳ್ಳು ಸಣ್ಣ ಗೆರೆಗಳ ಮೇಲೆ
ಮೊಳಕೆಯ ಹೊಲದಲ್ಲಿ ಕುಂಟಿ ಹೊಡೆದ ಹಾಗೆ ಹೋಯಿತು.
ಹೆಣ್ಣೋ ಗಂಡೋ, ಒಂದು ಸ್ವರ
ಏಳುತ್ತ ಬೀಳುತ್ತ
ಕಡೆಗೆ ಬರೀ ಸರ ಸರ.
ಕೆಳಗೆ ಕರಿ ಪುಡಿ ಬಿದ್ದಿತ್ತು. ಊದಿದೆ.
ಊದಿದ ಮೇಲೆ ಹೊಳೆಯಿತು, ಊದಿದ್ದು ಏನನ್ನೆಂದು.

ಮೂರು ತಿಂಗಳು ಡಬ್ಬಿ ಮುಟ್ಟಲಿಲ್ಲ.

ಎದುರು ಮನೆಯ ಕಾಶವ್ವ ಉಂಕಿ
ನಿಂತ ಗಡಿಯಾರ ತಂದಾಕೆ ಇಣುಕಿದಳು:
"ಇದೇನ್ರಿ ಲಾಡಸಾಬ ಮಾಮಾ, ಮೇಣದ ಕಂಡಕಿ?"
ನಾನು ಬೇಡವೆನ್ನುವ ಮೊದಲೇ
ಎರಡು ಬೆರಳು ಒಳಗೆ ತೂರಿಸಿ, ಅಗಲಿಸಿ,
ಮೈ ಮುಟ್ಟದೆ ಎತ್ತಿದಳು.
ಅದನ್ನು ಕಲಿಯಲು ನನಗೆ ಒಂದು ಉರುಳೆ ಒಡೆದಿತ್ತು.

ಸೊಂಟದ ಚೀಲದಿಂದ ತೆಗೆದಳು
ಎಳಿ ಎಣಿಸುವ ಕಾಜು:
ಹಿತ್ತಾಳೆಯ ಕಾಲಿಂಚು ಕಿಂಡಿ, ಮೇಲೊಂದು ಉಬ್ಬುಗಾಜು.
ಖಣಕ್ಕೆ ನಾಲ್ಕೆಳಿ ಕಮ್ಮಿ ಬಿದ್ದಾವೆಂದ ದಲಾಲಿಯ
ಮೂಗಿನ ಮುಂದೆ ಹಿಡಿಯುವ ಕಾಜು ಅದು.
ಉಸಿರು ಬಿಗಿಹಿಡಿದಳು. ತುಟಿ ಮಾತ್ರ ಆಡುತ್ತಿತ್ತು.
"ಕಾಲಿಂಚಿಗೆ ಇಪ್ಪತ್ತೈದು. ಇಂಚಿಗೆ ನೂರಾತು. ಜಾಳ ನೇಯ್ಗಿ."
ಮುಂದಿನದು.
"ಐವತ್ತು. ಇದು ರೇಷ್ಮಿ."
ಜಾಳ ಎಡಕ್ಕೆ, ರೇಷ್ಮಿ ಬಲಕ್ಕೆ.
ಒಂದಕ್ಕೆ ಬೂಸರು ಹತ್ತಿ ಎಣಿಕೆ ಎರಡು ಸಲ ತಪ್ಪಿತು,
ಮೂರನೇ ಸಲ ನನಗೇ ಬೈದಳು, ಬೆಳಕಿಗೆ ಅಡ್ಡ ನಿಂತೆನೆಂದು.

"ಇದನ್ನ ಯಾರು ಕಡದಾರ?"
ನಾನು ಅವಳ ಗಡಿಯಾರ ಒರೆಸುತ್ತಿದ್ದೆ.

ಕೊನೆಯದು ಕಂದು ಬಣ್ಣದ್ದು.
ನೂರೇ ಎಳಿ, ಆದರೆ ಒಂದು ಕಡೆ ಆಳ, ಒಂದು ಕಡೆ ತೇಲಿಕೆ.
ಬಹಳ ಹೊತ್ತು ನೋಡಿದಳು.
"ಇದು ಮಿಲ್ಲಿಂದಲ್ಲ ಮಾಮಾ. ಮನ್ಯಾಗ ನೇದದ್ದು."

ನಮ್ಮ ಓಣಿಯಲ್ಲಿ ಕೇಳುವುದಾದರೂ ಹೇಗೆ?
ಆ ಕಡೆ ಈ ಕಡೆ ಮೂವತ್ತು ಮಗ್ಗ.
ಹೊಸ್ತಿಲಲ್ಲಿ ನಿಂತು ಕೂಗಿದಳು:
"ಎರಡ ನಿಮಿಷ ಮಗ್ಗ ನಿಲ್ಲಸ್ರಪಾ!"
ಯಾರು ಹೋದರೆಂದು ಯಾರೋ ಕೇಳಿದರು.
ಯಾರೂ ಇಲ್ಲ, ನಿಲ್ಲಸ್ರಿ, ಎಂದಳು.
ಒಂದೊಂದಾಗಿ ನಿಂತವು. ತುದಿಮನೆಯದು ಕೊನೆಗೆ.
ಓಣಿಗೆ ಒಂದು ನಾಯಿ ಇದೆಯೆಂದು ಆಗ ಗೊತ್ತಾಯಿತು.

ಕೊಂಬಿನೊಳಗೆ ಮೊದಲು ಶೇಂಗಾ ಹುರಿಯುವ ಸಪ್ಪಳ.
ಆಮೇಲೆ, ಬಾವಿಯ ತಳದಿಂದ, ಒಬ್ಬ ಹೆಣ್ಣುಮಗಳು:
"ಹಚ್ಚೀರೇನು?
ಏನ್ ಹೇಳ್ಲಿ?"
ದೂರದಲ್ಲಿ ಗಂಡಸೊಬ್ಬನ ನಗು.
"ನಾ ಏನ್ ಹೇಳ್ಲಿ, ಅಲ್ಲಿ ಹಾಲು ಉಕ್ಕಾಕತ್ತೈತಿ."
ಬಳೆ. ಹೆಜ್ಜೆ.
ಅಷ್ಟೇ.
ಉಳಿದ ಒಂದೂವರೆ ನಿಮಿಷ ಮುಳ್ಳು
ಅವಳೆದ್ದು ಹೋದ ಕೋಣೆಯಲ್ಲಿ ಓಡಾಡಿತು.
ನಾವಿಬ್ಬರೂ ಕಾದೆವು.

ಕೀಲಿಗೆ ಕೈ ಹಾಕಿದೆ.
ಕಾಶವ್ವ ನನ್ನ ಮುಂಗೈ ಹಿಡಿದಳು:
"ಮತ್ತ ಹಚ್ಚಬ್ಯಾಡ್ರಿ. ಸವೀತಾಳ."

ತುದಿಮನೆಯ ಮಗ್ಗ ಮೊದಲು ಕೆಮ್ಮಿತು.
ಸರಿಯಾದ ಮುಚ್ಚಳ ಹುಡುಕಿ ಹಾಕಿ
ಮೇಲೆ ಚೀಟಿ ಹಚ್ಚಿದೆ:
ನೂರೆಳಿ. ಮನೆಯದು. ಹಾಲು.