ಬಟಾಣಿ ಕಾಳಿನಷ್ಟು

ಡಾಕ್ಟರು ಹೇಳಿದ್ದು, ಬಟಾಣಿ ಕಾಳಿನಷ್ಟು.
ಒಣಗಿದ್ದೋ ನೆನೆದದ್ದೋ ಅವರು ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಸಾಲಗಾಮೆ ರಸ್ತೆಯ ಕ್ಲಿನಿಕ್ಕಿನ ಹೊರಗೆ
ಇನ್ನೂ ಹದಿನೇಳು ಟೋಕನ್ ಕಾಯುತ್ತಿದ್ದವು,
ನನ್ನ ಹಿಂದಿದ್ದ ಹುಡುಗನ ಕೆನ್ನೆ ನನ್ನದಕ್ಕಿಂತ ಕೆಂಪಗಿತ್ತು.

ನಾನು ಎಪಿಎಂಸಿ ಯಾರ್ಡಿನಲ್ಲಿ ತೂಕದ ಚೀಟಿ ಬರೆಯುವವಳು.
ಹಗಲಿಡೀ ಆಲೂಗಡ್ಡೆ ಮೂಟೆ,
ಐವತ್ತು ಕೇಜಿ, ಐವತ್ತೊಂದು ಕಾಲು,
ಚೀಲಕ್ಕೆಂದು ಅರ್ಧ ಕೇಜಿ ಕಳೆದು.
ಇಂಥ ನಾನು ರಾತ್ರಿ ಹತ್ತಕ್ಕೆ
ಬೆರಳ ತುದಿಯ ಮೇಲೆ
ಒಂದು ಕಾಳಿನ ಲೆಕ್ಕಕ್ಕೆ ತಡವರಿಸಿದೆ.
ನೆನೆದದ್ದೇ ಇರಬೇಕೆಂದು ಹಿಂಡಿದೆ,
ಮೇಲೆ ಕೊಸರು ಇನ್ನೊಂದು ಚೂರು, ಬೇಗ ಹೋಗಲಿ ಅಂತ.

ಮೂರನೇ ದಿನ ಬಾಯಿಯ ಅಂಚು ಬಿರಿಯಿತು.
ಐದನೇ ದಿನ ನಕ್ಕರೆ ಉರಿ, ಸಾರು ತಗುಲಿದರೆ ಉರಿ,
ಬರೀ ನೀರು ಸೋಕಿದರೂ ಉರಿ.
ಹೊಸ ಆಲೂಗಡ್ಡೆಯನ್ನು ಹೆಬ್ಬೆರಳಲ್ಲಿ ಉಜ್ಜಿದರೆ
ಸಿಪ್ಪೆ ಹೇಗೆ ಸುರುಳಿ ಸುತ್ತಿ ಬರುತ್ತದೋ ಹಾಗೆ
ಮೂಗಿನ ಪಕ್ಕದಿಂದ ನಾನು ಎದ್ದು ಬರತೊಡಗಿದೆ.
ಎಳೆಯ ಗಡ್ಡೆ, ದಾಸ್ತಾನಿಗೆ ಆಗಲ್ಲ ಅಂತ
ಕೋಲ್ಡ್ ಸ್ಟೋರೇಜಿನವರು ವಾಪಸು ಕಳಿಸುವ ಮಾಲು.

ಆಮೇಲೆ ಮೊಡವೆಗಳು ಬಂದವು.
ಗದ್ದದ ಮೇಲೆ, ದವಡೆಯ ಗುಂಟ,
ಇಪ್ಪತ್ತೊಂಬತ್ತು ವರ್ಷದಲ್ಲಿ ಎಂದೂ ಏಳದ ಹಣೆಯ ಮೂಲೆಯಲ್ಲೂ.
"ಒಳಗಿದ್ದದ್ದು ಹೊರಗೆ ಬರ್ತಿದೆ, ಆರು ವಾರ ತಡ್ಕೊಳ್ಳಿ"
ಅಂದರು ಫೋನಿನಲ್ಲಿ ಡಾಕ್ಟರು ಮುಕ್ತಾಂಬ.
ಒಳಗೆ ಇಷ್ಟೊಂದು ಇತ್ತೇ?
ಯಾವ ಗೋದಾಮು ಅದು, ಬೀಗದ ಕೈ ಯಾರ ಹತ್ತಿರ?

ಅಡಾಪಲೀನ್ ಎಂಬುದು ಅಮ್ಮನ ಬಾಯಲ್ಲಿ ಅಡ್ಡಪಾಲು.
ಅದನ್ನೆಸೆದು ಕಡಲೆಹಿಟ್ಟು ಹಚ್ಚು ಅಂದಳು.
ಅರಸೀಕೆರೆಯಿಂದ ಚಿಕ್ಕಮ್ಮ: ಮದುವೆಯಾಗಿ ಮಗುವಾದರೆ ತಾನೇ ಹೋಗುತ್ತೆ.
ಔಷಧಿ ಅಂಗಡಿಯವ, ನಾಲ್ಕು ಗಿರಾಕಿಗಳ ಮುಂದೆ,
"ಮಕ್ಕಳ ಪ್ಲಾನ್ ಇದ್ರೆ ಇದನ್ನ ಹಚ್ಚಬಾರದು ಮೇಡಂ" ಅಂದ.
ಸಣ್ಣಕ್ಷರದಲ್ಲಿ ಇದ್ದದ್ದನ್ನು ದೊಡ್ಡದಾಗಿ ಓದಿದ, ಅಷ್ಟೆ.
ಅವನಿಗೂ ಚಿಕ್ಕಮ್ಮನಿಗೂ ಒಮ್ಮೆ ಭೇಟಿ ಮಾಡಿಸಬೇಕು.

ಬಿಸಿಲಿಗೆ ಹೋಗಬೇಡಿ, ಇದು ಚೀಟಿಯ ಕೊನೆಯ ಸಾಲು.
ಲಾರಿ ನಿಲ್ಲುವುದು ಬಿಸಿಲಲ್ಲಿ, ತಕ್ಕಡಿ ಇರುವುದು ಬಿಸಿಲಲ್ಲಿ.
ಜಲಂಧರದ ಬಿತ್ತನೆ ಗಡ್ಡೆ ಇಳಿಯುವ ದಿನ
ವೇಲನ್ನು ಕಣ್ಣಿನವರೆಗೆ ಎಳೆದುಕೊಂಡು
ಸನ್‌ಸ್ಕ್ರೀನಿನ ಬಿಳಿ ಮುಖದಲ್ಲಿ ನಿಂತರೆ
ಹಮಾಲಿ ಜವರಯ್ಯ ಕೇಳಿದ,
"ಯಾವ್ ನಾಟ್ಕದಲ್ಲವ್ವ ಪಾರ್ಟು?"

ಬಿಟ್ಟೆ. ಎರಡು ವಾರ ಟ್ಯೂಬು
ಬಾಚಣಿಗೆ ಡಬ್ಬಿಯಲ್ಲಿ ಮುಖ ತಿರುವಿಕೊಂಡು ಮಲಗಿತ್ತು.

ಮತ್ತೆ ತೆಗೆದದ್ದಕ್ಕೆ ದೊಡ್ಡ ಕಾರಣ ಏನಿಲ್ಲ.
ಒಂದು ಮಧ್ಯಾಹ್ನ ಬಿತ್ತನೆ ಗಡ್ಡೆ ಕೊಯ್ಯುವ ಹೆಂಗಸರ ಪಕ್ಕ ಕೂತಿದ್ದೆ.
ತುಂಡಿಗೆ ಎರಡು ಕಣ್ಣಾದರೂ ಇರಬೇಕು ಅಂತ
ತೇಜಾವತಿ ಗುಳಿಗುಳಿಯ ಗಡ್ಡೆಯೊಂದನ್ನು
ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.
ಅಷ್ಟು ಹತ್ತಿರದಿಂದ, ಅಷ್ಟು ಬೇಸರವಿಲ್ಲದೆ
ಗುಳಿಗಳನ್ನು ಯಾರಾದರೂ ನೋಡಿದ್ದು ನಾನು ಕಂಡಿರಲಿಲ್ಲ.

ಆ ರಾತ್ರಿ ಡಬ್ಬಿಯಿಂದ ಒಣ ಬಟಾಣಿ ಒಂದನ್ನು ತೆಗೆದು
ಪಕ್ಕದಲ್ಲಿಟ್ಟುಕೊಂಡು ಅದರ ಅಳತೆಗೇ ಹಿಂಡಿದೆ.
ಕೊಸರಿಲ್ಲ. ಒಂದು ದಿನ ಬಿಟ್ಟು ಒಂದು ದಿನ.
ಮೊದಲು ಮುಖ ಪೂರ್ತಿ ಒಣಗಬೇಕು;
ಆ ಇಪ್ಪತ್ತು ನಿಮಿಷ ಏನನ್ನೂ ಮುಟ್ಟದೆ ಕೂರುವುದು
ಮದ್ದಿಗಿಂತ ಕಷ್ಟ.

ಈಗ ನಾಲ್ಕು ತಿಂಗಳು.
ಟ್ಯೂಬಿನ ಬಾಲವನ್ನು ಸ್ಕೇಲಿನಿಂದ ಒತ್ತಿ ಸುತ್ತಿದ್ದೇನೆ.
ಎಡಗೆನ್ನೆಯಲ್ಲಿ ಮೂರು ಗುಳಿ ಖಾಯಂ.
ಗದ್ದದ ಹತ್ತಿರ ತಿಂಗಳಿಗೊಂದು ಬರುತ್ತದೆ,
ಎರಡು ದಿನ ಉಳಿದು ಹೋಗುತ್ತದೆ, ನೆಂಟರ ಹಾಗೆ.
ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.
ಜವರಯ್ಯ ಮಾತ್ರ ಮೂಟೆ ಇಳಿಸಿ, ಬೆವರು ಒರೆಸಿ,
ಸ್ವಲ್ಪ ಹೊತ್ತು ನೋಡಿ,
"ಕನ್ನಡಕ ಬದ್ಲಾಯ್ಸಿದ್ದೀಯೇನವ್ವ?" ಅಂದ.

ನಾನು ಕನ್ನಡಕವನ್ನೇ ಹಾಕುವುದಿಲ್ಲ.
ಐವತ್ತು ಮುಕ್ಕಾಲು, ಅಂತ ಬರೆದುಕೊಂಡೆ.